ಊರ ಹಿತ್ತಿಲಿಗೆ ಯಾವ ಗಿಡ?

(ಮಳೆಗಾಲಕ್ಕೆ ಮುಂಚೆ ಸೇರಿದ ಸಂಘದ ರವಿವಾರದ ಕೂಟದಲ್ಲಿ ಆಡಿದ ಮಾತು)



ನಮ್ಮನ್ನು ಮಾತಿಗೆ ನಿಲ್ಲಿಸಿದರೆ ಸಂಬಳ, ರಜೆ, ಕೆಲಸದ ಗಂಟೆ ಇವೇ ಬರುವುವೆಂದು ತಾವು ತಿಳಿದಿರಬಹುದು. ಇಂದು ಗಿಡಮರಗಳ ಮಾತು. ಮೇ ತಿಂಗಳಲ್ಲಿ ನಮ್ಮಲ್ಲಿ ಅನೇಕರು ಊರಿಗೆ ಹೊರಡುವವರು. ಹೋದವರು ಸುಮ್ಮನೆ ಕೂರುವುದಿಲ್ಲ. ಪೇಟೆಯ ನರ್ಸರಿಗೆ ಹೋಗಿ, ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ತಂದು ಹಿತ್ತಿಲಲ್ಲಿ ನೆಟ್ಟು, ರಜೆ ಮುಗಿಯಿತೆಂದು ರೈಲು ಹತ್ತುತ್ತೇವೆ. ಮುಂದಿನ ವರ್ಷ ಹೋಗಿ ನೋಡಿದರೆ ಊರೆ ಕೊಟ್ಟ ಕೋಲು ಮಾತ್ರ ನಿಂತಿರುತ್ತದೆ.

ನಾವೂ ಹೀಗೆ ಮಾಡಿದವರೇ. ಏಳನೆಯ ತರಗತಿ ಮುಗಿಸಿ ಮುಂಬಯಿಗೆ ಬಂದು, ಮೇಜು ಒರೆಸುತ್ತ, ಆರ್ಡರು ಕೂಗುತ್ತ ದೊಡ್ಡವರಾದೆವು. ಕೈಯಲ್ಲಿ ನಾಲ್ಕು ಕಾಸು ಕೂಡಿದ ವರ್ಷ ಊರಲ್ಲಿ ಹತ್ತು ತೆಂಗಿನ ಸಸಿ ನೆಟ್ಟೆವು. ಮರುವರ್ಷ ನಾಲ್ಕೇ ಉಳಿದಿದ್ದವು. "ನೀರು ಹಾಕಲಿಲ್ಲವೇ?" ಎಂದು ಅಮ್ಮನ ಮೇಲೆ ಸಿಟ್ಟಾದೆವು. ಅಮ್ಮ ಉತ್ತರ ಕೊಡಲಿಲ್ಲ. ಬಾವಿಯ ಹಗ್ಗ ಎಳೆದು ಜಡ್ಡುಗಟ್ಟಿದ ಅಂಗೈ ತೋರಿಸಿದಳು.

ಆ ಮೇಲೆ ಲೆಕ್ಕ ಹಾಕಿದೆವು. ಎಳೆ ತೆಂಗಿಗೆ ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ 45 ಲೀಟರಿನಷ್ಟು ನೀರು ಬೇಕೆಂದು ಬಲ್ಲವರು ಹೇಳುತ್ತಾರೆ. ಅಂದರೆ ಮೂರು ನಾಲ್ಕು ಕೊಡಪಾನ. ಹತ್ತು ಸಸಿಗೆ ಮೂವತ್ತು ನಲವತ್ತು ಕೊಡಪಾನ, ಅದೂ ಬಾವಿಯಿಂದ ಸೇದಿ, ಸೊಂಟದ ಮೇಲೆ ಹೊತ್ತು. ಗಂಟೆ ಮೀರಿ ದುಡಿಸಿದರೆ ಓವರ್‌ಟೈಮು ಕೇಳುವ ನಾವು ಅಮ್ಮನ ಮೇಲೆ ಹೇರಿದ ಈ ದುಡಿಮೆಗೆ ಲೆಕ್ಕವನ್ನೇ ಇಟ್ಟಿರಲಿಲ್ಲ.

ಆದುದರಿಂದ ನಮ್ಮ ಮೊದಲನೆಯ ಮಾತು ಇದು: ಗಿಡ ಆರಿಸುವ ಮುಂಚೆ, ನೀರು ಹಾಕುವವರು ಯಾರೆಂದು ಕೇಳಿ. ನಮ್ಮ ಕರಾವಳಿಯಲ್ಲಿ ಮಳೆಗೆ ಬರವಿಲ್ಲ. ಆದರೆ ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಹೋಗುತ್ತದೆ. ಡಿಸೆಂಬರಿನಿಂದ ಮೇ ತನಕ ನೆಲ ಒಣಗುತ್ತದೆ. ಮನೆಯಲ್ಲಿ ಇರುವ ಕೈಗಳು ಎರಡೇ ಆದರೆ, ವರ್ಷಕ್ಕೆ ಎರಡು ಮೂರು ಸಸಿ ಸಾಕು. ಅವು ಬೇರೂರಿದ ಮೇಲೆ ಮತ್ತೆರಡು.

ಮೊದಲು ಮರಗಳ ಮಾತು. ತೆಂಗಿನಿಂದ ತೆಂಗಿಗೆ 25 ಅಡಿ ಬಿಡಿ. ಹತ್ತಿರ ನೆಟ್ಟರೆ ಬಿಸಿಲಿಗಾಗಿ ಬಾಗಿ ಬೆಳೆಯುತ್ತವೆ. ಹಂಚಿನ ಮಾಡಿನ ಪಕ್ಕದಲ್ಲಿ ಮಾತ್ರ ಬೇಡ. ಬೀಳುವ ಕಾಯಿ ಹಂಚನ್ನೂ ನೋಡದು, ತಲೆಯನ್ನೂ ನೋಡದು. ಎತ್ತರದ ತಳಿ ಫಲ ಕೊಡಲು ಆರೆಂಟು ವರ್ಷ ಬೇಕು, ಆದರೆ ಅರವತ್ತು ವರ್ಷ ದಾಟಿಯೂ ಕೊಡುತ್ತದೆ. ಗಿಡ್ಡ ತಳಿ ಮೂರು ನಾಲ್ಕು ವರ್ಷಕ್ಕೇ ಕೊಟ್ಟರೂ ಆರೈಕೆ ಹೆಚ್ಚು ಬೇಡುತ್ತದೆ. ದೂರ ಇರುವ ನಮ್ಮಂಥವರಿಗೆ ಎತ್ತರದ್ದೇ ಸರಿ.

ಹಲಸು, ಮಾವುಗಳನ್ನು ಗೋಡೆಯಿಂದ 30 ಅಡಿಯಾದರೂ ದೂರ ಇಡಿ. ಹಲಸಿನ ಬುಡದಲ್ಲಿ ನೀರು ನಿಲ್ಲಬಾರದು. ಕಸಿ ಗಿಡ ತಂದರೆ ಬೇಗ ಫಲ ಬರುತ್ತದೆ, ತಾಯಿಮರದ ರುಚಿಯೂ ಕೆಡುವುದಿಲ್ಲ. ಜೀಗುಜ್ಜೆ ಬೀಜವಿಲ್ಲದ್ದು. ಬಲ್ಲವರ ಮನೆಯ ಮರದ ಬೇರಿನಿಂದ ಎದ್ದ ಕಂದನ್ನು ಬೇಡಿ ತನ್ನಿ, ಕಾಸು ಖರ್ಚಿಲ್ಲ.

ಪುನರ್ಪುಳಿಯ ವಿಷಯದಲ್ಲಿ ಎಚ್ಚರ ಬೇಕು. ಮುಂಬಯಿಯಲ್ಲಿ ನಾವು ಕೋಕಂ ಎನ್ನುವುದು ಇದನ್ನೇ. ಇದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎದ್ದ ಸಸಿಗಳಲ್ಲಿ ಹೆಚ್ಚು ಕಡಿಮೆ ಅರ್ಧ ಗಂಡು. ನಮ್ಮ ನೆರೆಮನೆಯವರು ಏಳು ವರ್ಷ ನೀರೆರೆದರು. ಹೂ ಬಿಟ್ಟಿತು, ಕಾಯಿ ಒಂದೂ ಇಲ್ಲ. ಹೆಣ್ಣು ಮರದಿಂದ ಮಾಡಿದ ಕಸಿ ಸಸಿಯನ್ನೇ ಕೇಳಿ ಪಡೆಯಿರಿ.

ಇನ್ನು ಪೊದೆಗಿಡಗಳು. ದಾಸವಾಳ, ನಂದಿಬಟ್ಟಲು, ಕೇಪಳ ಇವು ದೇವರಿಗೂ ಆಯಿತು, ಬೇಲಿಗೂ ಆಯಿತು. ದಾಸವಾಳ, ನಂದಿಬಟ್ಟಲುಗಳ ರೆಂಬೆ ಮುರಿದು ಮಳೆಯಲ್ಲಿ ಊರಿದರೆ ಸಾಕು. ಶಂಕರಪುರದ ಕಡೆ ಅಂಗಳದ ಮಲ್ಲಿಗೆಯಿಂದ ಎಷ್ಟೋ ಮನೆಗಳಿಗೆ ಕೈಖರ್ಚು ಹುಟ್ಟುತ್ತದೆ. ಆದರೆ ದಿನ ಬೆಳಗಾದರೆ ಮೊಗ್ಗು ಕೊಯ್ಯಬೇಕು, ಕಟ್ಟಬೇಕು. ಮನೆಯವರನ್ನು ಕೇಳದೆ ಮಲ್ಲಿಗೆ ನೆಡಬೇಡಿ. ಕಣಗಿಲೆ ಹೂವಿಗೆ ಚೆಂದ. ಬೇರಿನಿಂದ ಹೂವಿನ ತನಕ ವಿಷ. ಮಕ್ಕಳೂ ದನಗಳೂ ಇರುವ ಅಂಗಳಕ್ಕೆ ಅದು ಸಲ್ಲದು.

ಒಮ್ಮೆ ನೆಟ್ಟು ವರ್ಷಗಟ್ಟಲೆ ಕೊಯ್ಯುವ ಅಡಿಗೆಯ ಗಿಡಗಳನ್ನು ಬಾವಿಕಟ್ಟೆಯ, ಬಚ್ಚಲಿನ ಹತ್ತಿರ ಇಡಿ. ಬಸಳೆಯ ಚಪ್ಪರ, ತೊಂಡೆಯ ಬಳ್ಳಿ, ಚಕ್ರಮುನಿ, ಕರಿಬೇವು, ತೇವದಲ್ಲಿ ಹರಡುವ ಒಂದೆಲಗ ಇವಕ್ಕೆ ಪಾತ್ರೆ ತೊಳೆದ ನೀರೇ ಸಾಕು. ಬೇರೆ ಕೊಡಪಾನ ಹೊರಬೇಕಾಗಿಲ್ಲ.

ಘಟ್ಟದ ಮೇಲಿನ ಒಣಸೀಮೆಯ ಬಂಧುಗಳೂ ಇಲ್ಲಿದ್ದೀರಿ. ವಿಜಯಪುರ, ಕಲಬುರಗಿಯ ಕಡೆಗೆ ಬೇವು, ಹುಣಸೆ, ಬಾರಿ, ಸೀತಾಫಲ ತಕ್ಕವು. ಕರಾವಳಿಯವರ ಹಿತ್ತಿಲು ನೋಡಿ ಅಲ್ಲಿ ಅಡಿಕೆ ಇಡಲು ಹೋಗಬೇಡಿ.

ನೆಡುವ ಕಾಲ ಹೇಗೆ? ಮೇ ತಿಂಗಳಲ್ಲಿ ನಮಗಿರುವುದು ತೋಳಿನ ಬಲ. ಆ ರಜೆಯಲ್ಲಿ ಗುಂಡಿ ತೋಡಿ. ತೆಂಗಿಗಾದರೆ ಉದ್ದ, ಅಗಲ, ಆಳ ಮೂರು ಮೂರು ಅಡಿ. ಮೇಲ್ಮಣ್ಣು, ಹಟ್ಟಿಗೊಬ್ಬರ ಹಾಕಿಡಿ. ಮಳೆ ಹಿಡಿದ ಮೇಲೆ ಸಸಿ ಇಡುವುದು ಮನೆಯವರಿಗೆ ಅರ್ಧ ಗಂಟೆಯ ಕೆಲಸ. ನೀರು ನಿಲ್ಲುವ ತಗ್ಗು ಜಾಗದಲ್ಲಿ ಮಾತ್ರ ಮಳೆಯ ಜೋರು ಇಳಿದ ಮೇಲೆ, ಸೆಪ್ಟೆಂಬರಿನಲ್ಲಿ ನೆಡಿ. ಬುಡಕ್ಕೆ ತರಗೆಲೆ ಹೊದೆಸಿದರೆ ಬೇಸಿಗೆಯಲ್ಲಿ ತೇವ ಉಳಿಯುತ್ತದೆ, ನೀರು ಹೊರುವವರ ಸೊಂಟವೂ ಉಳಿಯುತ್ತದೆ.

ಕೊನೆಗೆ ಒಂದು ಮಾತು. 1982ರ ಜನವರಿಯಲ್ಲಿ ಇಲ್ಲಿಯ ಗಿರಣಿ ಮುಷ್ಕರ ಆರಂಭವಾಯಿತು. ಆ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆಗ ಊರಿಗೆ ಮರಳಿದ ಹಿರಿಯರೊಬ್ಬರು ನಮಗೆ ಹೇಳಿದ್ದುಂಟು: ಅಪ್ಪ ನೆಟ್ಟ ಎರಡು ಹಲಸು, ಆರು ತೆಂಗು ಆ ವರ್ಷ ಮನೆಯ ಒಲೆ ಆರದಂತೆ ಕಾದವಂತೆ. ಮರದ ಬೆಲೆ ನಮಗೆ ಗೊತ್ತಾದುದು ಅಂಥವರಿಂದ.

ಹಾಗೆಂದು ಹಿತ್ತಿಲಲ್ಲಿ ಮರವಿದೆಯಲ್ಲ ಎಂದು ಇಲ್ಲಿಯ ಹಕ್ಕು ಬಿಡಬೇಡಿ. ಇಪ್ಪತ್ತು ಜನ ದುಡಿಯುವ ಹೋಟೆಲಿಗೆ ಪ್ರಾವಿಡೆಂಟ್ ಫಂಡಿನ ಕಾನೂನು ಉಂಟು. ತಮ್ಮ ಹೆಸರು ಅದರಲ್ಲಿದೆಯೇ ಎಂದು ಊರಿಗೆ ಹೊರಡುವ ಮುಂಚೆ ನೋಡಿಕೊಳ್ಳಿ, ಇಲ್ಲದಿದ್ದರೆ ಸಂಘಕ್ಕೆ ಬನ್ನಿ. ಮುಪ್ಪಿಗೆ ಎರಡೂ ಬೇಕು.

ಈ ಸಲ ಊರು ಮುಟ್ಟಿದ ಕೂಡಲೇ ನರ್ಸರಿಗೆ ಓಡಬೇಡಿ. ಮೊದಲು ಒಂದು ದಿನ ಬಾವಿಯಿಂದ ನೀರು ತಾವೇ ಸೇದಿ ನೋಡಿ. ಎಷ್ಟು ಸಸಿ ತರಬೇಕೆಂದು ಆಗ ತಾನೇ ತಿಳಿಯುತ್ತದೆ.