ಗೆಲ್ಲದ ಒಂದು ವರ್ಷ

ಜೋಳದ ನಾಡಿನವನು ಜೋಳವನ್ನು ಕಲಿಯಲು ಏಳು ಸಮುದ್ರ ದಾಟಬೇಕೆ ಎಂದು ನನ್ನ ತಾಯಿ ಕೇಳಿದ್ದು ಇಂದಿಗೂ ನೆನಪಿದೆ. 1982ರ ಆಗಸ್ಟಿನಲ್ಲಿ ನಾನು ಧಾರವಾಡವನ್ನು ಬಿಟ್ಟು ಅಮೆರಿಕದ ನಡುಭಾಗದಲ್ಲಿರುವ ನೆಬ್ರಾಸ್ಕ ರಾಜ್ಯಕ್ಕೆ ಹೋದೆ. ಅಲ್ಲಿಯ ರಾಜಧಾನಿಯಾದ ಲಿಂಕನ್ ನಗರದ ವಿಶ್ವವಿದ್ಯಾನಿಲಯದಲ್ಲಿ ಜೋಳದ ತಳಿಶಾಸ್ತ್ರ ನನ್ನ ಅಧ್ಯಯನದ ವಿಷಯ. ಆದರೆ ಈ ಹೊತ್ತು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿರುವುದು ಅಲ್ಲಿ ನಾನು ಕಂಡ ಒಂದು ಆಟದ ವರ್ಷವನ್ನು, 1983ನೆಯ ವರ್ಷವನ್ನು.

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟಕ್ಕೂ ನಮ್ಮ ಕಾಲ್ಚೆಂಡಾಟಕ್ಕೂ ಹೆಸರಿನ ಹೊರತು ನಂಟು ಕಡಿಮೆ. ಅವರ ಚೆಂಡು ತತ್ತಿಯ ಆಕಾರದ್ದು. ಅದನ್ನು ಬಹುಮಟ್ಟಿಗೆ ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೆ ಎಸೆಯುತ್ತಾರೆ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದುವರಿಯಬೇಕು. ತಪ್ಪಿದರೆ ಚೆಂಡು ಎದುರಾಳಿಗಳ ಪಾಲಾಗುತ್ತದೆ. ಎದುರಾಳಿಗಳ ಕೊನೆಯ ಗೆರೆಯನ್ನು ದಾಟಿದರೆ ಆರು ಅಂಕ. ಅದರ ಮೇಲೆ, ಸಂತೆಯಲ್ಲಿ ಕೇಳುತ್ತೇವಲ್ಲ, ಹಾಗೆ ಒಂದು ಕೊಸರು ಉಂಟು. ಚೆಂಡನ್ನು ಒದ್ದು ಎರಡು ಕಂಬಗಳ ನಡುವೆ ಹಾಯಿಸಿದರೆ ಒಂದು ಅಂಕ; ಇದು ಸುಲಭ, ತಪ್ಪುವುದು ಅಪರೂಪ. ಒದೆಯುವುದನ್ನು ಬಿಟ್ಟು ಮೂರು ಗಜ ದೂರದಿಂದ ಇನ್ನೊಮ್ಮೆ ಗೆರೆ ದಾಟಿದರೆ ಎರಡು ಅಂಕ, ಇದು ಕಷ್ಟ. ಈ ಒಂದು ಎರಡರ ಲೆಕ್ಕವನ್ನು ದಯಮಾಡಿ ನೆನಪಿನಲ್ಲಿಡಿ.

ನೆಬ್ರಾಸ್ಕದಲ್ಲಿ ಈ ಆಟದ ದೊಡ್ಡ ವೃತ್ತಿಪರ ತಂಡವೆಂಬುದು ಇಲ್ಲ. ಇಡೀ ರಾಜ್ಯಕ್ಕೆ ವಿಶ್ವವಿದ್ಯಾನಿಲಯದ ಹುಡುಗರೇ ತಂಡ, ಶನಿವಾರವೇ ಹಬ್ಬ. ತಂಡದ ಹೆಸರು ಕಾರ್ನ್‌ಹಸ್ಕರ್ಸ್. ಹಾಗೆಂದರೆ, ನಮ್ಮ ಧಾರವಾಡದ ಕಡೆ ಗೋವಿನಜೋಳವೆಂದೂ ಮೈಸೂರಿನ ಕಡೆ ಮುಸುಕಿನಜೋಳವೆಂದೂ ಕರೆಯುವ ಬೆಳೆಯ ತೆನೆ ಸುಲಿಯುವವರು. ಒಂದು ಕ್ರೀಡಾತಂಡಕ್ಕೆ ಹುಲಿಯದೋ ಸಿಂಹದ್ದೋ ಹೆಸರಿಡದೆ ಒಕ್ಕಲುತನದ ಹೆಸರಿಟ್ಟಿದ್ದಾರೆಂಬ ಒಂದೇ ಕಾರಣಕ್ಕೆ ನಾನು ಮೊದಲ ವಾರವೇ ಅವರ ಪಕ್ಷಕ್ಕೆ ಸೇರಿದೆ. ಅಲ್ಲಿಯ ಕ್ರೀಡಾಂಗಣದಲ್ಲಿ 1962ರಿಂದ ಪ್ರತಿಯೊಂದು ಪಂದ್ಯದ ಟಿಕೀಟುಗಳೂ ಮಾರಾಟವಾಗಿ ಹೋಗುತ್ತಿದ್ದುವು. ಅಜ್ಜಿಯರಿಂದ ಹಿಡಿದು ತೊಟ್ಟಿಲ ಕೂಸುಗಳವರೆಗೆ ಎಲ್ಲರ ಮೈಮೇಲೂ ಕೆಂಪು ಬಟ್ಟೆ. ನೆಬ್ರಾಸ್ಕ ಮೊದಲ ಸಲ ಗೆರೆ ದಾಟಿದೊಡನೆ ಸಾವಿರಾರು ಕೆಂಪು ಬಲೂನುಗಳು ಆಕಾಶಕ್ಕೆ ಏರುತ್ತಿದ್ದುವು.

ನಾನು ಬಾಡಿಗೆಗಿದ್ದ ಮನೆಯ ಯಜಮಾನರು ಹೊಲವನ್ನು ಮಗನಿಗೆ ಒಪ್ಪಿಸಿ ಪಟ್ಟಣಕ್ಕೆ ಬಂದಿದ್ದ ವೃದ್ಧ ರೈತರು. ಭೂಮಿಯ ಬೆಲೆ ಇಳಿದು ಸಾಲದ ಬಡ್ಡಿ ಏರಿದ ಕೆಟ್ಟ ಕಾಲ ಅದು. ವಾರದ ಆರು ದಿನ ಅವರ ಮಾತು ಬ್ಯಾಂಕಿನದು; ಶನಿವಾರದ ಮಾತು ಮಾತ್ರ ಆಟದ್ದು. ಮಗನ ಹೊಲ ಉಳಿಯುವುದೋ ಇಲ್ಲವೋ ಎಂಬ ಚಿಂತೆಯಿದ್ದ ಮನುಷ್ಯ ಇಪ್ಪತ್ತರ ಹುಡುಗರ ಆಟಕ್ಕೆ ಅಷ್ಟು ಕಳವಳಪಡುವುದು ನನಗೆ ಮೊದಮೊದಲು ವಿಚಿತ್ರವಾಗಿ ಕಂಡಿತು.

1983ರ ಆ ತಂಡದಂಥ ತಂಡವನ್ನು ತಾನು ಹಿಂದೆ ಕಂಡಿಲ್ಲವೆಂದು ಅವರು ಹೇಳುತ್ತಿದ್ದರು. ಚೆಂಡನ್ನು ನಡೆಸುವ ಟರ್ನರ್ ಗಿಲ್, ಆ ವರ್ಷ 2,148 ಗಜ ಓಡಿ ಹೈಸ್‌ಮನ್ ಪಾರಿತೋಷಕವನ್ನು ಪಡೆದ ಮೈಕ್ ರೋಝಿಯರ್, ಮಿಂಚಿನ ಕಾಲಿನ ಅರ್ವಿಂಗ್ ಫ್ರೈಯರ್. ಹಿಂದಿನ ವರ್ಷದ ಚಾಂಪಿಯನ್ನರಾದ ಪೆನ್ ಸ್ಟೇಟ್ ತಂಡವನ್ನು ಮೊದಲ ಪಂದ್ಯದಲ್ಲಿಯೇ 44-6ರಿಂದ ಸೋಲಿಸಿದರು. ಮಿನ್ನೆಸೋಟದ ಮೇಲೆ 84 ಅಂಕ ಗಳಿಸಿದಾಗ ನನಗೆ ಎದುರಾಳಿಗಳ ಮೇಲೆ ಕನಿಕರವೇ ಹುಟ್ಟಿತು. ಹನ್ನೆರಡು ಪಂದ್ಯ, ಹನ್ನೆರಡು ಗೆಲುವು, ಒಟ್ಟು 624 ಅಂಕ. ಸರಾಸರಿ ಪಂದ್ಯಕ್ಕೆ 52.

ತರಬೇತುದಾರರು ಟಾಮ್ ಆಸ್ಬರ್ನ್. ನೆಬ್ರಾಸ್ಕದವರೇ, ಶೈಕ್ಷಣಿಕ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು, ಮಿತಭಾಷಿ. ಅವರಿಗಿಂತ ಹಿಂದಿನವರಾದ ಬಾಬ್ ಡೆವೆನಿ 1970 ಮತ್ತು 1971ರಲ್ಲಿ ರಾಷ್ಟ್ರದ ಚಾಂಪಿಯನ್ ಪದವಿಯನ್ನು ತಂದುಕೊಟ್ಟಿದ್ದರು. ಆಸ್ಬರ್ನ್ ಅವರಿಗೆ ಇದು ಹನ್ನೊಂದನೆಯ ವರ್ಷ, ಪದವಿ ಒಂದೂ ಬಂದಿರಲಿಲ್ಲ. ಒಳ್ಳೆಯವರು, ಆದರೆ ದೊಡ್ಡ ಪಂದ್ಯ ಗೆಲ್ಲಲಾರರು ಎಂಬ ಗೊಣಗಾಟ ಅಂಗಡಿ ಬೀದಿಯಲ್ಲೆಲ್ಲ ಕೇಳಿಬರುತ್ತಿತ್ತು.

ಆ ಕಾಲದಲ್ಲಿ ಚಾಂಪಿಯನ್ನರನ್ನು ಗೊತ್ತುಮಾಡುವ ಕ್ರಮವೂ ವಿಲಕ್ಷಣವಾದದ್ದು. ಕೊನೆಯ ಪಂದ್ಯಾವಳಿ ಎಂಬುದಿರಲಿಲ್ಲ; ಅದು ಬಂದದ್ದು ಬಹಳ ತಡವಾಗಿ, 2014ರ ಋತುವಿನಲ್ಲಿ. ಆಗ ಹೊಸ ವರ್ಷದ ಹೊತ್ತಿಗೆ ನಡೆಯುವ ಕೆಲವು ವಿಶೇಷ ಪಂದ್ಯಗಳು ಮುಗಿದ ಬಳಿಕ ಒಂದು ಕಡೆ ಪತ್ರಕರ್ತರೂ ಇನ್ನೊಂದು ಕಡೆ ತರಬೇತುದಾರರೂ ಮತ ಹಾಕುತ್ತಿದ್ದರು. ಸೋಲದೆ ಉಳಿದವರಿಗೆಲ್ಲ ಪದವಿ ಸಿಕ್ಕುತ್ತಿತ್ತೆಂದೂ ಇಲ್ಲ. 1968 ಮತ್ತು 1969ರಲ್ಲಿ ಪೆನ್ ಸ್ಟೇಟ್ ಒಂದು ಪಂದ್ಯವನ್ನೂ ಸೋಲಲಿಲ್ಲ. ಎರಡು ವರ್ಷವೂ ಪದವಿ ಬೇರೆಯವರಿಗೆ ಹೋಯಿತು.

1984ರ ಜನವರಿ 2ರ ರಾತ್ರಿ ಮಯಾಮಿ ನಗರದಲ್ಲಿ, ಮಯಾಮಿ ವಿಶ್ವವಿದ್ಯಾನಿಲಯದ ತಂಡದೊಡನೆಯೇ ಪಂದ್ಯ. ನಾವು ಲಿಂಕನ್ನಿನಲ್ಲಿ, ಹೊರಗೆ ಹಿಮ, ಒಳಗೆ ದೂರದರ್ಶನದ ಪೆಟ್ಟಿಗೆಯ ಮುಂದೆ. ಯಜಮಾನರು ಕೆಂಪು ಟೋಪಿ ಧರಿಸಿ ಕುಳಿತಿದ್ದರು. ಅದೇ ಮಧ್ಯಾಹ್ನ ಎರಡನೆಯ ಸ್ಥಾನದಲ್ಲಿದ್ದ ಟೆಕ್ಸಸ್ ತಂಡ ಜಾರ್ಜಿಯಾಕ್ಕೆ ಒಂದೇ ಅಂಕದಿಂದ ಸೋತುಹೋಗಿತ್ತು. ದಾರಿ ನಿಚ್ಚಳವಾಗಿತ್ತು.

ಆದರೆ ಮೊದಲ ಪಾದದಲ್ಲಿಯೇ ಮಯಾಮಿಯ ಬರ್ನಿ ಕೋಸರ್ ಎಂಬ ಎಳೆಯ ಹುಡುಗನ ಎಸೆತಗಳಿಂದ ನಮ್ಮವರು 17-0 ಹಿಂದೆ ಬಿದ್ದರು. ಸಾವರಿಸಿಕೊಂಡು 17-17 ಮಾಡಿದರು. ಮತ್ತೆ 31-17. ರೋಝಿಯರ್ ಕಾಲಿಗೆ ಪೆಟ್ಟಾಗಿ ಹೊರಗೆ ಕುಳಿತ. ಕೊನೆಯ ಪಾದದಲ್ಲಿ ಅವನ ಬದಲು ಬಂದ ಜೆಫ್ ಸ್ಮಿತ್ ಒಮ್ಮೆ ಗೆರೆ ದಾಟಿದ, 31-24. ಕೊನೆಯ ಕೆಲವು ಕ್ಷಣಗಳಲ್ಲಿ ಫ್ರೈಯರ್ ಗೆರೆಯಾಚೆ ನಿಂತು, ಕೈಗೆ ಬಂದ ಚೆಂಡನ್ನು ಬಿಟ್ಟುಬಿಟ್ಟ. ಯಜಮಾನರು ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು. ನಾಲ್ಕನೆಯ ಯತ್ನ, ಎಂಟು ಗಜ ಬೇಕು. ಸ್ಮಿತ್ ಇಪ್ಪತ್ತನಾಲ್ಕು ಗಜ ಓಡಿ ಮೂಲೆಯಲ್ಲಿ ಗೆರೆ ದಾಟಿದ. 31-30. ಉಳಿದದ್ದು 48 ಸೆಕೆಂಡು.

ಈಗ ಆ ಕೊಸರಿನ ಮಾತು. ಒದ್ದರೆ ಒಂದು ಅಂಕ, ಪಂದ್ಯ ಸಮ. ಆಗ ಹೆಚ್ಚುವರಿ ಸಮಯ ಆಡಿಸುವ ಪದ್ಧತಿ ಇರಲಿಲ್ಲ, ಸಮವೆಂದರೆ ಸಮ. ಸಮವಾದರೂ ದೊಡ್ಡ ತಂಡಗಳಲ್ಲಿ ಸೋಲದೆ ಉಳಿಯುವುದು ನೆಬ್ರಾಸ್ಕ ಒಂದೇ. ಮತ ಹಾಕುವವರು ಬೇರೆಡೆ ನೋಡುವ ಸಂಭವ ತೀರ ಕಡಿಮೆ. ಹನ್ನೊಂದು ವರ್ಷ ಕಾದ ಪದವಿ ಒಂದು ಒದೆತದ ದೂರದಲ್ಲಿತ್ತು.

ಆಸ್ಬರ್ನ್ ಎರಡು ಅಂಕಕ್ಕೆ ಆಡಿಸಿದರು. ಗಿಲ್ ಬಲಕ್ಕೆ ಸರಿದು ಸ್ಮಿತ್ತನ ಕಡೆಗೆ ಎಸೆದ. ಮಯಾಮಿಯ ಕೆನಿ ಕ್ಯಾಲ್ಹೂನ್ ಎಂಬಾತನ ಬೆರಳು ತಾಗಿ ಚೆಂಡು ದಿಕ್ಕು ತಪ್ಪಿ ನೆಲಕ್ಕೆ ಬಿತ್ತು. ಪದವಿ ಮಯಾಮಿಗೆ ಹೋಯಿತು.

ನನಗೆ ಸಿಟ್ಟು ಬಂತು. ಇದೆಂಥ ಮೂರ್ಖತನ, ಒದ್ದಿದ್ದರೆ ಸಾಕಾಗಿತ್ತಲ್ಲ ಎಂದೆ. ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ಸಮ ಮಾಡಿಕೊಳ್ಳುವುದಕ್ಕೆಂದು ಅಲ್ಲಿಯವರೆಗೆ ಹೋಗಬೇಕಾಗಿರಲಿಲ್ಲ ಎಂದು ಹೇಳಿ ಎದ್ದುಹೋದರು. ಆಸ್ಬರ್ನ್ ಅವರೂ ಬಳಿಕ ಸರಿಸುಮಾರು ಅದನ್ನೇ ಹೇಳಿದರು: ಗೆಲ್ಲುವುದಕ್ಕೆಂದು ಬಂದಿದ್ದೆವು, ಸಮಕ್ಕೆ ಆಡುವ ಯೋಚನೆಯೇ ಇರಲಿಲ್ಲ ಎಂದು.

ಆ ಮಾತಿನ ತೂಕ ನನಗೆ ತಿಳಿದದ್ದು 1966ರ ಒಂದು ಹಳೆಯ ಪಂದ್ಯದ ಕಥೆ ಕೇಳಿದ ಮೇಲೆ. ಆ ವರ್ಷದ ನವೆಂಬರ್ 19ರಂದು ನೋಟರ್ ಡೇಮ್ ಮತ್ತು ಮಿಷಿಗನ್ ಸ್ಟೇಟ್ ತಂಡಗಳು 10-10ರಲ್ಲಿ ನಿಂತಿದ್ದಾಗ, ಕೊನೆಯ ನಿಮಿಷದಲ್ಲಿ ಚೆಂಡು ಕೈಯಲ್ಲಿದ್ದರೂ ನೋಟರ್ ಡೇಮಿನ ತರಬೇತುದಾರರಾದ ಆರಾ ಪಾರ್ಸೀಗಿಯನ್ ಸಾಹಸಕ್ಕೆ ಹೋಗದೆ ಕಾಲ ಕಳೆಯುವಂತೆ ಆಡಿಸಿದರು. ಪಂದ್ಯ ಸಮವಾಯಿತು, ಪದವಿಯೂ ಅವರಿಗೇ ಬಂತು. ಅದೇ ವರ್ಷ ಹನ್ನೊಂದಕ್ಕೆ ಹನ್ನೊಂದನ್ನೂ ಗೆದ್ದ ಅಲಬಾಮ ಮೂರನೆಯ ಸ್ಥಾನದಲ್ಲಿ ಉಳಿಯಿತು. ಪಾರ್ಸೀಗಿಯನ್ ಲೆಕ್ಕ ತಪ್ಪಿದವರಲ್ಲ. ಅವರ ಗಾಯಗೊಂಡ ತಂಡ ಹಿಂದೆ ಬಿದ್ದು ಸಮಕ್ಕೆ ಬಂದಿತ್ತು. ಆದರೂ ಆ ಒಂದು ನಿಮಿಷಕ್ಕೆ ಅವರು ಮುಂದೆ ದಶಕಗಳ ಕಾಲ ಸಮಜಾಯಿಷಿ ಹೇಳಬೇಕಾಯಿತು. ಆಸ್ಬರ್ನ್ ಅವರನ್ನು ಲಿಂಕನ್ನಿನ ಬೀದಿಯಲ್ಲಿ ಹಾಗೆ ಯಾರೂ ಕೇಳಿದ್ದನ್ನು ನಾನು ಕಾಣೆ. ಗೊಣಗಾಟ ನಿಂತುಹೋಗಿತ್ತು. ಪದವಿ ತಂದಿದ್ದರೆ ಬರುತ್ತಿದ್ದ ಗೌರವಕ್ಕಿಂತ ಬೇರೆ ಬಗೆಯ ಪ್ರೀತಿಯೊಂದು ಅವರ ಕಡೆಗೆ ಹರಿಯುತ್ತಿತ್ತು. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ನಮ್ಮ ಕರ್ನಾಟಕ ರಣಜಿ ಫೈನಲಿನಲ್ಲಿ ಮುಂಬಯಿಗೆ ಆರೇ ಆರು ರನ್ನುಗಳಿಂದ ಸೋತಾಗ ಅಲ್ಲಿದ್ದವರಿಗೆ ನಾನು ಹೇಳುವ ಪ್ರೀತಿ ಎಂಥದೆಂಬುದು ತಿಳಿದಿರಬಹುದು.

ಇಲ್ಲಿ ನನ್ನದೊಂದು ಮಾತನ್ನು ಒಪ್ಪಿಕೊಳ್ಳಬೇಕು. 1984ರ ಕೊನೆಗೆ ನನ್ನ ಬಳಿ ಎರಡು ಬೆಳೆಗಳ ಅಂಕಿ ಅಂಶಗಳಿದ್ದುವು. ಮೂರನೆಯ ವರ್ಷವೂ ಬಿತ್ತಿ ನೋಡಿದರೆ ಒಂದು ಸಂದೇಹ ಪರಿಹಾರವಾಗುತ್ತಿತ್ತು. ಅಥವಾ ನನ್ನ ವಾದವೇ ಕುಸಿದುಬೀಳುತ್ತಿತ್ತು. ನಾನು ಎರಡರಲ್ಲಿಯೇ ಪ್ರಬಂಧವನ್ನು ಮುಗಿಸಿ ಒಪ್ಪಿಸಿದೆ. ಪದವಿ ಬಂತು, ಊರಿಗೆ ಬಂದೆ, ಕೆಲಸವೂ ಸಿಕ್ಕಿತು. ಯಾರೂ ಏನನ್ನೂ ಕೇಳಲಿಲ್ಲ. ಆ ಪ್ರಬಂಧ ನನ್ನ ಕಪಾಟಿನಲ್ಲಿದೆ. ಅದನ್ನು ನಾನು ತೆರೆದದ್ದು ಕಡಿಮೆ.

ಆಸ್ಬರ್ನ್ ಅವರಿಗೆ ಪದವಿ ಬಂದದ್ದು ಮತ್ತೆ ಹನ್ನೊಂದು ವರ್ಷಗಳ ಮೇಲೆ. 1995ರ ಜನವರಿ 1ರಂದು, ಅದೇ ಮಯಾಮಿ ತಂಡವನ್ನು ಅದೇ ಕ್ರೀಡಾಂಗಣದಲ್ಲಿ 24-17ರಿಂದ ಸೋಲಿಸಿ ಗೆದ್ದರು. ಆಮೇಲೆ ಇನ್ನೂ ಎರಡು ಸಲ ಗೆದ್ದು, 1997ರ ಋತು ಮುಗಿದೊಡನೆ ನಿವೃತ್ತರಾದರು. 1995ರ ಸುದ್ದಿ ತಿಳಿದಾಗ ನಾನು ನನ್ನ ಹಳೆಯ ಯಜಮಾನರಿಗೆ ಅಭಿನಂದನೆಯ ಪತ್ರ ಬರೆದೆ. ಅವರ ಉತ್ತರ ಮಾರ್ಚ್ ತಿಂಗಳಲ್ಲಿ ಬಂತು; ವಯಸ್ಸಾಗಿ ಅಕ್ಷರ ನಡುಗುತ್ತಿತ್ತು. ಗೆದ್ದ ವರ್ಷಕ್ಕೆ ಎರಡು ಸಾಲು. ಮಗ ಹೊಲವನ್ನು ಉಳಿಸಿಕೊಂಡನೆಂಬುದಕ್ಕೆ ನಾಲ್ಕು ಸಾಲು. ಹಾಳೆಯ ಹಿಂಬದಿಯಲ್ಲಿ ಒಂದು ನಕ್ಷೆ ಇತ್ತು: ಟರ್ನರ್ ಗಿಲ್ ನಿಂತ ಜಾಗ, ಸ್ಮಿತ್ ಓಡಿದ ದಾರಿ, ಕ್ಯಾಲ್ಹೂನನ ಕೈ. ಚೆಂಡು ಒಂದು ಗೇಣು ಆಚೆಗೆ ಹೋಗಿದ್ದರೆ ಎಲ್ಲಿಗೆ ಬರುತ್ತಿತ್ತೆಂಬುದನ್ನು ಕೆಂಪು ಸೀಸದ ಚುಕ್ಕೆಗಳಲ್ಲಿ ತೋರಿಸಿದ್ದರು.