ಪತ್ನಿಗೂ ವೀಸಾ ಸಿಗುವುದೇ? - ನಿಕಾಹ್‌ಗೆ ಮುನ್ನ ಕೇಳಲೇಬೇಕಾದ ಪ್ರಶ್ನೆ

(ವಿವಾಹಪೂರ್ವ ಮಾರ್ಗದರ್ಶನ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಕರಾವಳಿಯ ನಮ್ಮ ಪಟ್ಟಣಗಳಲ್ಲಿ ವಿವಾಹದ ಮಾತುಕತೆಗೆ ಕುಳಿತಾಗ 'ಹುಡುಗ ಗಲ್ಫ್‌ನಲ್ಲಿದ್ದಾನೆ' ಎಂಬ ಒಂದೇ ವಾಕ್ಯವು ಹಲವು ಪ್ರಶ್ನೆಗಳಿಗೆ ಉತ್ತರವಾಗಿ ಬಿಡುತ್ತದೆ. ಸಂಬಳವೆಷ್ಟು, ಊರಿನಲ್ಲಿ ಮನೆ ಕಟ್ಟಿಸಿದ್ದಾನೆಯೇ, ತಂಗಿಯಂದಿರ ಮದುವೆ ಮುಗಿದಿದೆಯೇ ಎಂದು ವಿಚಾರಿಸುತ್ತೇವೆ. ಹುಡುಗಿಯ ಬಣ್ಣ, ಎತ್ತರ, ಅವಳಿಗೆ ಹಾಕುವ ಚಿನ್ನ ಎಲ್ಲವೂ ಚರ್ಚೆಗೆ ಬರುತ್ತವೆ. ಆದರೆ ಮದುವೆಯ ಬಳಿಕ ಅವಳು ಬದುಕುವುದೆಲ್ಲಿ? ಅವಳನ್ನು ಕರೆಸಿಕೊಳ್ಳಲು ಆ ದೇಶದ ಕಾನೂನು ಈ ಹುಡುಗನಿಗೆ ಅನುಮತಿ ನೀಡುತ್ತದೆಯೇ? ಈ ಪ್ರಶ್ನೆ ಕೇಳುವವರು ವಿರಳ. ಕೇಳಿದರೂ 'ಇನ್‌ಶಾ ಅಲ್ಲಾಹ್, ಆರು ತಿಂಗಳಲ್ಲಿ ಕರೆಸಿಕೊಳ್ಳುತ್ತಾನೆ' ಎಂಬ ಉತ್ತರ ಬರುತ್ತದೆ. ಅದರಾಚೆಗೆ ಕೆದಕುವುದು ಮರ್ಯಾದೆಯಲ್ಲವೆಂದು ನಾವು ಸುಮ್ಮನಾಗುತ್ತೇವೆ.

ಇನ್‌ಶಾ ಅಲ್ಲಾಹ್ ಎಂಬುದು ಸಂಕಲ್ಪ ಮಾಡಿದವನು ಅಲ್ಲಾಹನ ಮೇಲೆ ಭರವಸೆಯಿಟ್ಟು ಆಡುವ ಮಾತು. ತಿಳಿದಿರುವ ಸತ್ಯವನ್ನು ಮರೆಮಾಚುವ ಪರದೆಯಾಗಿ ಅದನ್ನು ಬಳಸಬಾರದು.

ಪರಿಣಾಮವೇನೆಂಬುದು ನಮಗೆಲ್ಲ ತಿಳಿದಿದೆ. ನಲವತ್ತು ದಿನಗಳ ರಜೆಯಲ್ಲಿ ನಿಕಾಹ್ ನಡೆಯುತ್ತದೆ, ಔತಣಗಳು ಮುಗಿಯುತ್ತವೆ, ವರ ವಿಮಾನವೇರುತ್ತಾನೆ. ಹುಡುಗಿ ಅತ್ತೆಯ ಮನೆಗೂ ತಾಯಿಯ ಮನೆಗೂ ಮಧ್ಯೆ ವರ್ಷಗಳನ್ನು ಎಣಿಸುತ್ತಾಳೆ. ತಂದೆಯನ್ನು ಫೋನಿನಲ್ಲಿ ಮಾತ್ರ ಬಲ್ಲ ಮಗು, ಅವನು ರಜೆಯಲ್ಲಿ ಬಂದಾಗ ತಾಯಿಯ ಬೆನ್ನಿಗೆ ಅಡಗಿಕೊಳ್ಳುತ್ತದೆ.

ದಾಂಪತ್ಯದ ಉದ್ದೇಶ ನೆಮ್ಮದಿ, ಪತಿ-ಪತ್ನಿಯರ ನಡುವೆ ಪ್ರೀತಿ ಮತ್ತು ಕರುಣೆಯನ್ನು ಇರಿಸಿದವನು ಅಲ್ಲಾಹನೇ ಎಂಬುದನ್ನು ಪವಿತ್ರ ಕುರ್‌ಆನಿನ ಅರ್ರೂಮ್ ಅಧ್ಯಾಯದ 21ನೇ ಸೂಕ್ತವು ನಮಗೆ ಕಲಿಸುತ್ತದೆ. ಅತ್ತಲಾಕ್ ಅಧ್ಯಾಯದ 6ನೇ ಸೂಕ್ತವು ಇದ್ದತ್‌ನಲ್ಲಿರುವ ವಿಚ್ಛೇದಿತೆಗೂ ಸಾಮರ್ಥ್ಯಾನುಸಾರ ವಾಸಸ್ಥಳ ಒದಗಿಸಬೇಕೆಂದು ಪುರುಷನಿಗೆ ಆಜ್ಞಾಪಿಸುತ್ತದೆ. ತಲಾಕ್ ಪಡೆದವಳ ವಿಷಯದಲ್ಲೇ ಇಷ್ಟು ಕಾಳಜಿಯಿರುವಾಗ ದಾಂಪತ್ಯದಲ್ಲಿರುವವಳ ಹಕ್ಕು ಎಷ್ಟಿರಬೇಡ? ಖಲೀಫಾ ಉಮರ್(ರ) ಅವರು ಪತಿಯ ಅಗಲಿಕೆಯಿಂದ ಬೇಯುತ್ತಿದ್ದ ಸ್ತ್ರೀಯೊಬ್ಬಳ ಅಳಲನ್ನು ಆಲಿಸಿ, ಮಗಳು ಹಫ್ಸಾ(ರ) ಅವರೊಂದಿಗೆ ವಿಚಾರಿಸಿ, ಯೋಧರು ಮನೆಯಿಂದ ದೂರವಿರುವ ಅವಧಿಗೆ ಮಿತಿ ಹಾಕಿದರೆಂದು ವರದಿಯಾಗಿದೆ. ಆ ಮಿತಿ ನಾಲ್ಕು ತಿಂಗಳೆಂದು ಕೆಲವು ವರದಿಗಳಲ್ಲಿ, ಆರು ತಿಂಗಳೆಂದು ಇನ್ನು ಕೆಲವು ವರದಿಗಳಲ್ಲಿದೆ. ರಣರಂಗಕ್ಕೆ ಹೋದವರಿಗೇ ಮಿತಿಯಿತ್ತು. ನಮ್ಮಲ್ಲಿ ಸೂಪರ್ ಮಾರ್ಕೆಟ್‌ನ ಕೆಲಸಕ್ಕೆ ಹೋದವನಿಗೆ ಮಿತಿಯಿಲ್ಲ.

ಹೊಟ್ಟೆಪಾಡಿಗಾಗಿ ದೂರವಿರುವ ಪ್ರತಿಯೊಬ್ಬ ಪತಿಯೂ ಅಪರಾಧಿಯೆಂದು ನಾವು ಹೇಳುತ್ತಿಲ್ಲ. ಇಕ್ಕಟ್ಟಾದ ಕೋಣೆಯಲ್ಲಿ ಎಂಟು ಜನರೊಂದಿಗೆ ಮಲಗಿ ಮನೆಗೆ ಹಣ ಕಳುಹಿಸುವವನ ತ್ಯಾಗವನ್ನು ನಾವು ಗೌರವಿಸುತ್ತೇವೆ. ಹುಡುಗಿಯು ಎಲ್ಲವನ್ನೂ ತಿಳಿದು ಒಪ್ಪಿದರೆ ಅದು ಅವರಿಬ್ಬರ ನಿರ್ಧಾರ. ತಿಳಿಸದೆ ಪಡೆದ ಒಪ್ಪಿಗೆಯ ಬಗ್ಗೆ ಮಾತ್ರ ನಮ್ಮ ಆಕ್ಷೇಪ.

ಹಾಗಾದರೆ ಕಾನೂನು ಏನೆನ್ನುತ್ತದೆ? ಮೊದಲು ಗಲ್ಫ್ ರಾಷ್ಟ್ರಗಳನ್ನು ನೋಡೋಣ. ಯುಎಇಯು 2019ರಲ್ಲಿ ಉದ್ಯೋಗದ ಹೆಸರಿನ ಷರತ್ತನ್ನು ಕೈಬಿಟ್ಟು ಆದಾಯವನ್ನು ಮಾನದಂಡವಾಗಿಸಿತು: ತಿಂಗಳಿಗೆ 4,000 ದಿರ್ಹಮ್, ಇಲ್ಲವೇ 3,000 ದಿರ್ಹಮ್ ಜೊತೆಗೆ ವಸತಿ. ಕುಟುಂಬ ವಾಸಿಸುವ ಮನೆಯ ಬಾಡಿಗೆ ಕರಾರು, ದೃಢೀಕೃತ ವಿವಾಹ ಪತ್ರ, ವೈದ್ಯಕೀಯ ತಪಾಸಣೆ ಇವೂ ಬೇಕು. ಕುವೈತ್ 2022ರಲ್ಲಿ ಕುಟುಂಬ ವೀಸಾ ನಿಲ್ಲಿಸಿ 2024ರ ಜನವರಿಯಲ್ಲಿ ಮರಳಿ ಆರಂಭಿಸಿದಾಗ ಕನಿಷ್ಠ ಸಂಬಳವನ್ನು 500 ದಿನಾರ್‌ಗಳಿಂದ 800ಕ್ಕೆ ಏರಿಸಿತು. ಸೌದಿ ಅರೇಬಿಯವು 2017ರ ಜುಲೈಯಿಂದ ಕುಟುಂಬದ ಪ್ರತಿಯೊಬ್ಬ ಅವಲಂಬಿತರಿಗೂ ಮಾಸಿಕ 100 ರಿಯಾಲ್ ಶುಲ್ಕ ವಿಧಿಸಿ, ವರ್ಷಕ್ಕೆ ನೂರರಂತೆ ಏರಿಸುತ್ತಾ 2020ರಲ್ಲಿ ಅದನ್ನು 400ಕ್ಕೆ ತಂದಿತು. ಆ ದರದಲ್ಲಿ ಪತ್ನಿ ಮತ್ತು ಇಬ್ಬರು ಮಕ್ಕಳಿಗೆ ವರ್ಷಕ್ಕೆ 14,400 ರಿಯಾಲ್ ತೆರಬೇಕಾಗುತ್ತದೆ. ಅನೇಕ ಕುಟುಂಬಗಳು ಮಕ್ಕಳ ಶಾಲೆ ಬಿಡಿಸಿ ಊರಿಗೆ ಮರಳಿದ್ದು ಈ ಲೆಕ್ಕದ ಮುಂದೆಯೇ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಂಬಳದಷ್ಟೇ ಮುಖ್ಯವಾದುದು ಯಾವ ಬಗೆಯ ವೀಸಾ ಎಂಬುದು. ಕುವೈತ್‌ನಲ್ಲಿ ಖಾಸಗಿ ಸಂಸ್ಥೆಯ ನೌಕರರು 18ನೇ ವಿಧಿಯಡಿ, ಮನೆಗೆಲಸದವರು ಹಾಗೂ ಮನೆ ಚಾಲಕರು 20ನೇ ವಿಧಿಯಡಿ, ಕುಟುಂಬದವರು 22ನೇ ವಿಧಿಯಡಿ ವಾಸಿಸುತ್ತಾರೆ. ಮನೆ ಚಾಲಕನ ವೀಸಾದಲ್ಲಿದ್ದು ಹೊರಗೆ ಅಂಗಡಿ ನಡೆಸುವವನ ಸಂಪಾದನೆ ಎಷ್ಟೇ ಇರಲಿ, ಸರಕಾರದ ದೃಷ್ಟಿಯಲ್ಲಿ ಅವನು ಮನೆ ಚಾಲಕನೇ. 'ಫ್ರೀ ವೀಸಾ' ಎಂಬ ಹೆಸರಿನಲ್ಲಿ ಹೋದವರ ಸ್ಥಿತಿಯೂ ಇದೇ. ಮದುವೆಯ ಮಾತುಕತೆಯಲ್ಲಿ 'ಮ್ಯಾನೇಜರ್' ಎನಿಸಿಕೊಂಡವನ ಗುರುತಿನ ಚೀಟಿಯಲ್ಲಿ 'ಕಾರ್ಮಿಕ' ಎಂದಿದ್ದರೆ, ಅರ್ಜಿ ಪರಿಶೀಲಿಸುವ ಅಧಿಕಾರಿ ನಂಬುವುದು ಚೀಟಿಯನ್ನು.

ಈಚೆಗೆ ನಮ್ಮ ಯುವಕರು ಬ್ರಿಟನ್ನಿನತ್ತಲೂ ಮುಖ ಮಾಡಿದ್ದಾರೆ. ಅಲ್ಲಿನ ಸರಕಾರವು 2012ರ ಜುಲೈಯಲ್ಲಿ, ಹೊರದೇಶದ ಸಂಗಾತಿಯನ್ನು ಕರೆಸಿಕೊಳ್ಳಬೇಕಾದರೆ ವರ್ಷಕ್ಕೆ 18,600 ಪೌಂಡ್ ಆದಾಯವಿರಬೇಕೆಂಬ ನಿಯಮ ತಂದಿತು. 2024ರ ಏಪ್ರಿಲ್ 11ರಿಂದ ಹೊಸ ಅರ್ಜಿದಾರರಿಗೆ ಅದನ್ನು 29,000ಕ್ಕೆ ಏರಿಸಲಾಯಿತು. ಬರುವ ಸಂಗಾತಿ ಇಂಗ್ಲಿಷ್ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬ ಷರತ್ತು 2010ರ ನವೆಂಬರ್‌ನಿಂದಲೇ ಇದೆ. ಭಾರತದಿಂದ ಹೋಗುವವರು ಕ್ಷಯರೋಗದ ತಪಾಸಣೆಯನ್ನೂ ಮಾಡಿಸಿಕೊಳ್ಳಬೇಕು. ಇದು ಅಲ್ಲಿ ನೆಲೆಸಿದವರಿಗೆ ಸಂಬಂಧಿಸಿದ ನಿಯಮ. ಓದಲು ಹೋದವರ ಸ್ಥಿತಿ ಇನ್ನೂ ಬಿಗಿ. 2024ರ ಜನವರಿಯಿಂದ ಆರಂಭವಾದ ಕೋರ್ಸುಗಳಲ್ಲಿ ಸಂಶೋಧನಾ ವ್ಯಾಸಂಗದಂತಹ ಕೆಲವನ್ನು ಬಿಟ್ಟು ಉಳಿದ ವಿದ್ಯಾರ್ಥಿಗಳಿಗೆ ಪತ್ನಿಯನ್ನು ಕರೆದೊಯ್ಯುವ ದಾರಿ ಮುಚ್ಚಿತು. ಅದೇ ವರ್ಷದ ಮಾರ್ಚ್ 11ರಿಂದ ವೃದ್ಧರ ಆರೈಕೆಯಂತಹ ಕೆಲಸಕ್ಕೆ ಹೊಸದಾಗಿ ಹೋಗುವವರಿಗೂ ಅದು ಮುಚ್ಚಿತು. 'ಲಂಡನ್ನಿನಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಾನೆ' ಎಂಬುದನ್ನು ಕೇಳಿ ಸಂಬಂಧ ಕುದುರಿಸುವವರು ಇದನ್ನು ಗಮನಿಸಬೇಕು.

ಈ ಕಾನೂನುಗಳ ನ್ಯಾಯಾನ್ಯಾಯವೂ ಚರ್ಚೆಯಾಗಲೇಬೇಕು. ಕುಟುಂಬವಾಗಿ ಬದುಕುವುದು ಮನುಷ್ಯನ ಹಕ್ಕೆಂದು ಸಾರುವ ರಾಷ್ಟ್ರಗಳು ಆ ಹಕ್ಕಿಗೆ ದರಪಟ್ಟಿ ಅಂಟಿಸಿವೆ. ಬ್ರಿಟನ್ನಿನ ಸುಪ್ರೀಮ್ ಕೋರ್ಟ್ 2017ರ ಫೆಬ್ರವರಿಯಲ್ಲಿ ಆದಾಯ ಮಿತಿಯನ್ನು ತಾತ್ವಿಕವಾಗಿ ಎತ್ತಿ ಹಿಡಿದರೂ, ಮಕ್ಕಳ ಹಿತವನ್ನು ನಿಯಮಗಳು ಸರಿಯಾಗಿ ಪರಿಗಣಿಸಿಲ್ಲವೆಂದು ಹೇಳಬೇಕಾಯಿತು. ಮುಸ್ಲಿಮ್ ರಾಷ್ಟ್ರಗಳೆನಿಸಿಕೊಂಡವುಗಳ ನಡವಳಿಕೆ ಇದಕ್ಕಿಂತ ಭಿನ್ನವೇ? ತಮ್ಮ ಕಟ್ಟಡಗಳನ್ನು ಎಬ್ಬಿಸಿದ ಕಾರ್ಮಿಕನಿಗೆ ಪತ್ನಿಯೊಂದಿಗೆ ಬಾಳುವ ಅವಕಾಶವನ್ನು ಸಂಬಳದ ಚೀಟಿ ನೋಡಿ ನಿರ್ಧರಿಸುವವರು ಉಮರ್(ರ)ರ ಆ ನಿರ್ಧಾರವನ್ನು ನೆನಪಿಸಿಕೊಳ್ಳಬೇಕಾಗಿದೆ. ಆದರೆ ಅನ್ಯರ ಕಾನೂನು ಬದಲಾಗುವವರೆಗೆ ನಮ್ಮ ಹೆಣ್ಣುಮಕ್ಕಳ ಬದುಕು ಕಾಯುವುದಿಲ್ಲ. ನಮ್ಮ ಕೈಯಲ್ಲಿರುವುದನ್ನಾದರೂ ನಾವು ಸರಿಪಡಿಸಿಕೊಳ್ಳೋಣ.

ಮೊದಲನೆಯದು, ದಾಖಲೆ. ಮಸೀದಿಯ ನಿಕಾಹ್ ಪುಸ್ತಕದಲ್ಲಿ ಸಹಿ ಹಾಕಿದರೆ ಧರ್ಮದ ಪ್ರಕಾರ ಮದುವೆಗೆ ಸಾಕ್ಷ್ಯವಾಯಿತು, ಆದರೆ ವಿದೇಶಿ ಕಚೇರಿ ಕೇಳುವುದು ಸರಕಾರ ದೃಢೀಕರಿಸಿದ ಪತ್ರವನ್ನು. ಎಲ್ಲ ಧರ್ಮದವರ ವಿವಾಹಗಳೂ ನೋಂದಣಿಯಾಗಬೇಕೆಂದು ಸುಪ್ರೀಮ್ ಕೋರ್ಟ್ 2006ರ ಫೆಬ್ರವರಿಯಲ್ಲೇ ನಿರ್ದೇಶಿಸಿದೆ. ನಮ್ಮ ರಾಜ್ಯದಲ್ಲಿ ಜಿಲ್ಲಾ ವಕ್ಫ್ ಅಧಿಕಾರಿಗಳು ವಿವಾಹ ಪತ್ರ ನೀಡಬಹುದೆಂದು 2023ರ ಆಗಸ್ಟ್‌ನಲ್ಲಿ ಹೊರಬಿದ್ದ ಸರಕಾರಿ ಆದೇಶಕ್ಕೆ 2024ರ ನವೆಂಬರ್‌ನಲ್ಲಿ ಹೈಕೋರ್ಟ್ ತಡೆ ನೀಡಿತು. ಆದುದರಿಂದ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸುವುದೇ ಸುರಕ್ಷಿತ. ಆ ಪತ್ರಕ್ಕೆ ರಾಜ್ಯ ಸರಕಾರದ, ಬಳಿಕ ವಿದೇಶಾಂಗ ಸಚಿವಾಲಯದ ಮುದ್ರೆ ಬೀಳಬೇಕು. ಭಾರತವು 2005ರಲ್ಲಿ ಸೇರಿದ ಅಪೋಸ್ಟಿಲ್ ಒಪ್ಪಂದದಲ್ಲಿರುವ ದೇಶಗಳಿಗೆ ಅಷ್ಟು ಸಾಕು. ಒಮಾನ್, ಬಹರೈನ್ ಹಾಗೂ 2022ರ ಡಿಸೆಂಬರ್‌ನಿಂದ ಸೌದಿ ಅದರಲ್ಲಿವೆ. ಒಪ್ಪಂದದಲ್ಲಿಲ್ಲದ ದೇಶಗಳಿಗೆ ಅವುಗಳ ರಾಯಭಾರ ಕಚೇರಿಯ ದೃಢೀಕರಣವೂ ಬೇಕು. ಆಧಾರ್, ಶಾಲಾ ಪ್ರಮಾಣಪತ್ರ, ಪಾಸ್‌ಪೋರ್ಟ್, ನಿಕಾಹ್ ಪತ್ರಗಳಲ್ಲಿ ಹೆಸರು ಒಂದೇ ರೀತಿ ಇರಲಿ. 'ಫಾತಿಮಾ' ಮತ್ತು 'ಫಾತಿಮತ್' ಎಂಬೆರಡು ಹೆಸರುಗಳು ನಮಗೆ ಒಬ್ಬಳೇ ಹುಡುಗಿ, ಕಚೇರಿಗೆ ಇಬ್ಬರು.

ಎರಡನೆಯದು, ಪ್ರಶ್ನೆಗಳು. ವೀಸಾದಲ್ಲಿ ಯಾವ ಉದ್ಯೋಗ ನಮೂದಾಗಿದೆ? ಕರಾರು ಪತ್ರದಲ್ಲಿರುವ ಸಂಬಳವೆಷ್ಟು? ಕುಟುಂಬಕ್ಕೆ ಪ್ರತ್ಯೇಕ ವಸತಿಯಿದೆಯೇ? ಕರೆಸಿಕೊಳ್ಳಲು ಸಾಧ್ಯವಿಲ್ಲದಿದ್ದರೆ ಎಷ್ಟು ತಿಂಗಳಿಗೊಮ್ಮೆ ಬರುತ್ತಾನೆ, ಅಷ್ಟರವರೆಗೆ ಅವಳು ಎಲ್ಲಿರಬೇಕು? ಈ ಉತ್ತರಗಳನ್ನು ಬಾಯಿಮಾತಿನಲ್ಲಿ ಪಡೆಯಬೇಡಿ, ಕಾಗದ ನೋಡಿ. ವಿವಾಹಕ್ಕಾಗಿ ಒಪ್ಪಿಕೊಂಡ ಷರತ್ತುಗಳು ಪಾಲನೆಗೆ ಅತ್ಯಂತ ಅರ್ಹವೆಂಬುದು ಪ್ರವಾದಿ(ಸ)ರ ಬೋಧನೆ. ಹಾಗಿರುವಾಗ ವಾಸದ ಷರತ್ತನ್ನು ನಿಕಾಹ್ ಒಪ್ಪಂದದಲ್ಲಿ ಬರೆಯಲು ಸಂಕೋಚವೇಕೆ?

ಮೂರನೆಯದು, ಹಣ. ಪತ್ನಿಯ ವೀಸಾ, ಟಿಕೆಟ್ಟು, ಬಾಡಿಗೆಯ ಮುಂಗಡ ಎಂದು ಹುಡುಗಿಯ ತಂದೆಯಿಂದ ಲಕ್ಷಗಳನ್ನು ಕೇಳುವ ಪದ್ಧತಿ ತಲೆಯೆತ್ತಿದೆ. ಇದು ವರದಕ್ಷಿಣೆಯ ಇನ್ನೊಂದು ಹೆಸರು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಡಿ ಅಪರಾಧ, ಶರೀಅತ್‌ನ ದೃಷ್ಟಿಯಲ್ಲಿ ಅನ್ಯಾಯ. ವಾಸಸ್ಥಳದ ಹೊಣೆ ಪತಿಯದು. ಮಹ್ರ್ ನೀಡಬೇಕಾದವನು ಮಾವನ ಮುಂದೆ ಕೈಚಾಚುವುದು ನಾಚಿಕೆಗೇಡು.

ನಾಲ್ಕನೆಯದು, ಹೋದ ಮೇಲಿನ ಭದ್ರತೆ. ಪತ್ನಿಯ ವಾಸದ ಪರವಾನಿಗೆ ಪತಿಯ ಪರವಾನಿಗೆಗೆ ಕಟ್ಟಿದ ಗಂಟು. ಅವನ ಕೆಲಸ ಹೋದರೆ ಅವಳದ್ದೂ ಸಡಿಲವಾಗುತ್ತದೆ. ಯುಎಇಯು 2018ರಲ್ಲಿ ವಿಧವೆಯರು ಮತ್ತು ವಿಚ್ಛೇದಿತೆಯರಿಗೆ ಒಂದು ವರ್ಷದ ಕಾಲಾವಕಾಶ ಕಲ್ಪಿಸಿತು. ಹೆಣ್ಣುಮಕ್ಕಳು ತಮ್ಮ ಪಾಸ್‌ಪೋರ್ಟ್ ಮತ್ತು ವಿವಾಹ ಪತ್ರದ ಪ್ರತಿಯನ್ನು ತಮ್ಮ ಬಳಿ ಇರಿಸಿಕೊಳ್ಳಲಿ, ತಾಯಿಯ ಮನೆಯಲ್ಲೂ ಒಂದು ಪ್ರತಿ ಇರಲಿ. ವಿದೇಶದಲ್ಲಿರುವವರ ವಿವಾಹ ನೋಂದಣಿಯನ್ನು ಕಡ್ಡಾಯಗೊಳಿಸುವ ಮಸೂದೆ 2019ರ ಫೆಬ್ರವರಿಯಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾಯಿತು. 2024ರಲ್ಲಿ ಕಾನೂನು ಆಯೋಗವೂ ತನ್ನ 287ನೇ ವರದಿಯಲ್ಲಿ ಕಡ್ಡಾಯ ನೋಂದಣಿಗೆ ಶಿಫಾರಸು ಮಾಡಿತು. ತೊರೆದು ಹೋದ ಪತಿಯನ್ನು ಹುಡುಕಲು ದಾಖಲೆಯಿಲ್ಲದೆ ಅಲೆಯುವ ಸ್ತ್ರೀಯರ ಸಂಕಟವೇ ಇದರ ಹಿನ್ನೆಲೆ.

ಜಮಾಅತ್ ಸಮಿತಿಗಳಲ್ಲಿ ನಮ್ಮದೊಂದು ವಿನಂತಿ. ಬೇರೆ ಊರಿನ ವರನಾದರೆ ಅವನ ಜಮಾಅತ್‌ನಿಂದ ಪತ್ರ ತರಿಸುವ ಕ್ರಮ ನಮ್ಮಲ್ಲಿದೆ. ವಿದೇಶದ ವರನಾದರೆ ವೀಸಾದ ಪ್ರತಿಯನ್ನೂ ಕೇಳಿ, ಹುಡುಗಿಗೆ ಅದು ತಿಳಿದಿದೆಯೇ ಎಂದು ವಿಚಾರಿಸಿ. ಯುವಕರೇ, 'ಸದ್ಯಕ್ಕೆ ಕರೆಸಿಕೊಳ್ಳಲಾರೆ' ಎಂದು ನೇರವಾಗಿ ಹೇಳಿದರೆ ಒಂದು ಸಂಬಂಧ ತಪ್ಪಬಹುದು, ಆದರೆ ಸುಳ್ಳಿನ ಮೇಲೆ ಕಟ್ಟಿದ ಸಂಬಂಧದಲ್ಲಿ ಒಬ್ಬಳ ಯೌವನವೇ ಕಳೆದು ಹೋಗುತ್ತದೆ. ಸಹೋದರಿಯರೇ, ನಿಮ್ಮ ಸಮ್ಮತಿಯಿಲ್ಲದೆ ನಿಕಾಹ್ ಇಲ್ಲ. ತಿಳಿದು ಒಪ್ಪಿರಿ, ತಿಳಿಯದಿದ್ದರೆ ಕೇಳಿರಿ.

ಅಲ್ಲಾಹನು ನಮ್ಮ ಮನೆಗಳಿಗೆ ನೆಮ್ಮದಿಯನ್ನೂ ನಮ್ಮ ಮಾತುಗಳಿಗೆ ಸತ್ಯವನ್ನೂ ದಯಪಾಲಿಸಲಿ. ಆಮೀನ್.