ಗೋಡೆಯ ಜರೀಗಿಡ
(ಆಕಾಶವಾಣಿ ಭಾಷಣ)

ರಾಜಾಜಿನಗರದ ನಮ್ಮ ಮನೆಯ ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವ ಕಡೆ, ಗಾರೆ ಉದುರಿದ ಹಳೆಯ ಗೋಡೆಯೊಂದಿದೆ. ಕಳೆದ ಮಳೆಗಾಲದಲ್ಲಿ ಅದರ ಸಂದಿಯಿಂದ ಗರಿಯಂಥ ಎಲೆಗಳ ಗಿಡವೊಂದು ತಲೆಯೆತ್ತಿತು. ರಿಪೇರಿಗೆ ಬಂದ ಗಾರೆ ಕೆಲಸದವರು, "ಮೇಷ್ಟ್ರೇ, ಇದನ್ನ ಕಿತ್ತು ಸಿಮೆಂಟು ಬಳಿದುಬಿಡೋಣ. ಬಿಟ್ಟರೆ ಗೋಡೆ ಬಿರಿಯುತ್ತೆ" ಎಂದರು. ಅವರ ಮಾತು ಸರಿಯೇ. ಆದರೂ ಒಂದು ದಿನದ ಅವಕಾಶ ಕೇಳಿದೆ.

ನಾನು ಕನ್ನಡದ ಅಧ್ಯಾಪಕನಾಗಿದ್ದವನು. ಸಸ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೆ 1990ರ ದಶಕದಲ್ಲಿ ವಿದ್ಯಾರ್ಥಿಗಳಿಗಾಗಿ ವಿಜ್ಞಾನದ ಪಾರಿಭಾಷಿಕ ಪದಗಳ ಸಣ್ಣ ಪಟ್ಟಿಯೊಂದನ್ನು ಸಿದ್ಧಪಡಿಸುವ ಹೊಣೆ ನನ್ನ ಮೇಲೆ ಬಿದ್ದಿತ್ತು. ಅದರಲ್ಲಿ ಜರೀಗಿಡ, ಸೆಲಾಜಿನೆಲ್ಲ, ಈಕ್ವಿಸೀಟಮ್ ಎಲ್ಲವನ್ನೂ "ಹೂವೂ ಬೀಜವೂ ಇಲ್ಲದ ನಾಳಸಸ್ಯಗಳ ಒಂದೇ ಕುಲ" ಎಂದು ಒಂದು ಸಾಲಿನಲ್ಲಿ ಮುಗಿಸಿ, ಅಚ್ಚುಕಟ್ಟಾಗಿ ಬರೆದೆನೆಂದು ಹಿಗ್ಗಿದ್ದೆ. ಅಂದು ಸಂಜೆ ನನ್ನ ಹಳೆಯ ಶಿಷ್ಯೆಯೊಬ್ಬರು ಮನೆಗೆ ಬಂದರು. ಈಗ ಆಕೆ ಸಸ್ಯಶಾಸ್ತ್ರದ ಅಧ್ಯಾಪಕಿ. ಗಿಡ ನೋಡಿ, ಮಾತು ಪಟ್ಟಿಯತ್ತ ಹೊರಳಿದಾಗ, "ಸಾರ್, ಆ ಸಾಲು ಈಗ ನಿಲ್ಲುವುದಿಲ್ಲ" ಎಂದು ಸಂಕೋಚದಿಂದಲೇ ಹೇಳಿದರು.

ಗಿಡದ ಹೆಸರು ಟೆರಿಸ್ ವಿಟ್ಟಾಟ. ಸುಣ್ಣದ ಗಾರೆಯೆಂದರೆ ಅದಕ್ಕೆ ಪ್ರೀತಿ. ಆಕೆ ಎಲೆಯನ್ನು ಮಗುಚಿ ತೋರಿಸಿದರು. ಅಂಚು ತುಸು ಒಳಕ್ಕೆ ಮಡಚಿ, ಅದರಡಿಯಲ್ಲಿ ಕಂದು ಬಣ್ಣದ ಪಟ್ಟಿ. ಸೀರೆಯ ಜರಿಯೇ ಸರಿ! ಅದರೊಳಗೆ ಧೂಳಿನಂಥ ಬೀಜಾಣುಗಳು. ಬೀಜಾಣುವಿನಿಂದ ನೇರವಾಗಿ ಜರೀಗಿಡ ಹುಟ್ಟುವುದಿಲ್ಲ. ಮೊದಲು ಉಗುರಿಗಿಂತ ಚಿಕ್ಕದಾದ ಹಸುರು ಬಿಲ್ಲೆಯೊಂದು ಮೂಡುತ್ತದೆ. ಅಲ್ಲಿ ಗಂಡು ಕಣ ನೀರಿನ ತೆಳು ಪೊರೆಯಲ್ಲಿ ಈಜಿ ಅಂಡವನ್ನು ಸೇರಿದ ಮೇಲೆಯೇ ನಾವು ಕಾಣುವ ಗಿಡ. ಲಿನೇಯಸ್ 1753ರಲ್ಲಿ ಜರೀಗಿಡ, ಹಾವಸೆ, ಪಾಚಿ, ಅಣಬೆಗಳನ್ನೆಲ್ಲ ಒಟ್ಟುಗೂಡಿಸಿ "ಗುಪ್ತ ವಿವಾಹ"ದ ವರ್ಗವೆಂದು ಕರೆದಿದ್ದ. ಆ ಗುಟ್ಟನ್ನು ತಲೆಮಾರುಗಳ ಸರದಿಯೆಂದು 1851ರಲ್ಲಿ ಬಿಡಿಸಿ ತೋರಿಸಿದವನು ಜರ್ಮನಿಯ ಹಾಫ್‌ಮೈಸ್ಟರ್.

ಆದರೂ ಬೀಜವಿಲ್ಲದ ನಾಳಸಸ್ಯಗಳೆಲ್ಲ ಟೆರಿಡೋಫೈಟ ಎಂಬ ಒಂದೇ ಸೂರಿನಡಿ ಉಳಿದವು. 2001ರಲ್ಲಿ ವಂಶವಾಹಿಗಳ ಹೋಲಿಕೆ ಆ ಸೂರನ್ನು ತೆರೆಯಿತು. ಈಕ್ವಿಸೀಟಮ್ ಜರೀಗಿಡದ ಮನೆಯದೇ. ಸೆಲಾಜಿನೆಲ್ಲ, ಲೈಕೊಪೋಡಿಯಮ್‌ಗಳ ಶಾಖೆ ಮಾತ್ರ ಬಹಳ ಹಿಂದೆಯೇ ಕವಲೊಡೆದು ಹೋದದ್ದು. ಎಂದರೆ, ನಮ್ಮ ಗೋಡೆಯ ಗಿಡ ಸೆಲಾಜಿನೆಲ್ಲಕ್ಕಿಂತ ಮಾವಿನ ಮರಕ್ಕೇ ಹತ್ತಿರದ ನೆಂಟ! 2016ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಮಾಡಿದ ವರ್ಗೀಕರಣದಲ್ಲಿ ಸುಮಾರು 10,600 ಜಾತಿಗಳು ಜರೀಗಿಡಗಳಾಗಿಯೂ ಸುಮಾರು 1,300 ಜಾತಿಗಳು ಆ ಬೇರೆ ಶಾಖೆಯವಾಗಿಯೂ ನಿಂತಿವೆ.

ಭಾಷೆಯ ವಿದ್ಯಾರ್ಥಿಯಾದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಕನ್ನಡದ ತುಂಬ ತತ್ಸಮ, ತದ್ಭವಗಳಿರುವುದನ್ನು ಕಂಡು ಅದನ್ನು ಸಂಸ್ಕೃತದ ಮಗಳೆಂದು ನಂಬಿದ್ದವರಿದ್ದರು. 1816ರಲ್ಲಿ ಎಲ್ಲಿಸ್, 1856ರಲ್ಲಿ ಕಾಲ್ಡ್‌ವೆಲ್, ಧಾತು ಪ್ರತ್ಯಯಗಳನ್ನು ಹೋಲಿಸಿ ಬೇರೆಯೇ ಕುಲವನ್ನು ತೋರಿಸಿದರು. ಇದನ್ನು ವರ್ಷವರ್ಷವೂ ಪಾಠ ಹೇಳಿದ ನಾನು, ಗಿಡಗಳ ವಿಷಯದಲ್ಲಿ "ಇಲ್ಲ" ಎಂಬುದೊಂದನ್ನೇ ನೆಂಟಸ್ತಿಕೆಯೆಂದು ಬರೆದೆ. ಹೊಲವಿಲ್ಲದವರೆಲ್ಲ ದಾಯಾದಿಗಳಾಗುವುದುಂಟೇ?

ಇನ್ನೊಂದು ಸಂಗತಿ. ಆ ಹೋಲಿಕೆಯ ಲೇಖನ ಬಂದ 'ನೇಚರ್' ಪತ್ರಿಕೆಯ ಅದೇ ಸಂಚಿಕೆಯಲ್ಲಿ, ಟೆರಿಸ್ ವಿಟ್ಟಾಟ ಮಣ್ಣಿನ ಆರ್ಸೆನಿಕ್ ವಿಷವನ್ನು ಹೀರಿ ಎಲೆಗಳಲ್ಲಿ ಕೂಡಿಡುತ್ತದೆಂಬ ವರದಿಯೂ ಇತ್ತು. ನಮ್ಮ ರಾಯಚೂರು, ಯಾದಗಿರಿಯ ಚಿನ್ನದ ಗಣಿಗಳ ಆಸುಪಾಸಿನ ಕೆಲವು ಹಳ್ಳಿಗಳ ಅಂತರ್ಜಲದಲ್ಲಿ ಅದೇ ವಿಷ ಕಂಡುಬಂದಿದೆ. ಈ ಗಿಡವೊಂದರಿಂದಲೇ ಆ ಊರುಗಳ ಕಷ್ಟ ತೀರುವುದೆಂದಲ್ಲ. ಆದರೆ ಕಳೆಯೆಂದು ಕೀಳುವ ಮುನ್ನ ಹೆಸರನ್ನಾದರೂ ಕೇಳಬೇಕು. ಕೊಡಗಿನವರು ಮಳೆಗಾಲದಲ್ಲಿ ಪಲ್ಯ ಮಾಡುವ ತೆರ್ಮೆ ಸೊಪ್ಪೂ ಜರೀಗಿಡದ ಎಳೆ ಸುರುಳಿಯೇ. ಯಾವುದು ಉಣ್ಣಲು ತಕ್ಕದ್ದು, ಯಾವುದು ವಿಷ ಹೊತ್ತದ್ದು ಎಂಬುದನ್ನು ಗುರುತು ಬಲ್ಲವರೇ ಹೇಳಬೇಕು.

ಮರುದಿನ ಗಾರೆಯವರೇ ಉಳಿಯಿಂದ ಗಿಡವನ್ನು ಬೇರುಸಹಿತ ಬಿಡಿಸಿ, ಸುಣ್ಣದ ಚೂರುಗಳೊಡನೆ ಕುಂಡದಲ್ಲಿ ನೆಟ್ಟುಕೊಟ್ಟರು. ಗೋಡೆಗೆ ಸಿಮೆಂಟು ಬಿತ್ತು. ನನ್ನ ಪ್ರತಿಯಲ್ಲಿ ಆ ಸಾಲನ್ನು ಹೊಡೆದುಹಾಕಿದ್ದೇನೆ. ಪಟ್ಟಿಯ ಉಳಿದ ಪ್ರತಿಗಳು ಯಾರ ಬಳಿಯಿವೆಯೋ, ಅವರೂ ದಯವಿಟ್ಟು ತಿದ್ದಿಕೊಳ್ಳಬೇಕೆಂದು ಕೋರುತ್ತೇನೆ.